ಮಗಳು ಕುಂಕುಮ ವಲ್ಲೆ ಅಂತಾಳ: ನಿನ್ನೆ ಕೇಳಿದ ತಂಗಿಗೆ

ತಂಗೀ, ನಿನ್ನ ಮಗಳು ಸಾಲಿಗೆ ಕುಂಕುಮ ಹಚ್ಕೊಂಡು ಹೋಗಾಕ ವಲ್ಲೆ ಅಂತಾಳ, ಹಿಂದೂಗಳು ಯಾಕ ಹಚ್ಕೊಂತಾರ ಅಂತ ಯಾರರ ಕೇಳಿದ್ರ ಏನ್ ಹೇಳ್ಲಿ ಅಂತಾಳ ಅಂತ ಬರದಿದ್ದೆಲ್ಲ. ನಿನ್ನ ಪೋಸ್ಟಿನ ಕೆಳಗ ಎಲ್ಲಾರೂ ಒಂದ ಉತ್ತರ ಕೊಟ್ಟಾರ: ಆಜ್ಞಾಚಕ್ರ, ಮೂರನೇ ಕಣ್ಣು, ನರ ಒತ್ತಿದ್ರ ತಲಿನೋವು ಹೋಗತೈತಿ. ಹುಬ್ಬಿನ ನಡುವ ಆಜ್ಞಾಚಕ್ರ ಅಂತ ಯೋಗದಾಗ ಹೇಳ್ಯಾರ, ಖರೆ. ನರದ ಮಾತು ಮಾತ್ರ ವಾಟ್ಸಾಪಿಂದು. ಏಳು ವರ್ಷದ ಕೂಸಿಗೆ ಅದನ್ನ ಹೇಳಬ್ಯಾಡ. ನಾಳೆ ಟೀಚರ್‌ನ ಕೇಳಿ ಬರತಾಳ, ನಮ್ಮ ಮಾತಿಗೆ ಇದ್ದ ಕಿಮ್ಮತ್ತೂ ಹೋಗತೈತಿ.

ನಾನು ಜಮಖಂಡಿಯಾಕಿ. ನಮ್ಮ ಮನ್ಯಾಗ ಹಣಿಗೆ ಮೊದಲು ಈಬತ್ತಿ, ಅಂದ್ರ ವಿಭೂತಿ. ಜಳಕ ಆದಮ್ಯಾಲೆ ಮೂರು ಬೆರಳಿಲೆ ಎಳದ ಗೆರಿ, ಅಪ್ಪಗೂ ಅದ, ಅವ್ವಗೂ ಅದ, ಕೂಸಿಗೂ ಅದ. ಲಿಂಗಾಯತರ ಎಂಟು ರಕ್ಷಿ, ಅಷ್ಟಾವರಣದಾಗ ವಿಭೂತಿ ಐತಿ, ಕುಂಕುಮ ಇಲ್ಲ. ಬಾಜೂಕಿನ ಮಾಧ್ವ ಆಚಾರ್ರ ಮನ್ಯಾಗ ಗೋಪೀಚಂದನ, ಅಂಗಾರ-ಅಕ್ಷತಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದವ್ರ ಹಣಿ ತುಂಬ ಭಂಡಾರ, ಅಂದ್ರ ಅರಿಷಿಣ ಪುಡಿ. ಅಂಟಿಸೂದಕ್ಕ ಬೆಳಗಾವಿಯವ್ರು ಟಿಕಳಿ ಅಂದ್ರ ಮೈಸೂರವ್ರು ಬೊಟ್ಟು ಅಂತಾರ. ಬಿಂದಿ ಅನ್ನೂದು ಹಿಂದಿ ಮಾತು, ಸಂಸ್ಕೃತದ ಬಿಂದುವಿನಿಂದ ಬಂದದ್ದು. ಇಷ್ಟೆಲ್ಲಾ ಇರಬೇಕಾದ್ರ 'ಹಿಂದೂಗಳು ಯಾಕ ಹಚ್ಕೊಂತಾರ' ಅಂತ ಒಂದ ಉತ್ತರ ಎಲ್ಲಿಂದ ತರೂದು?

ನಾ ಮಾಡಿದ್ದು ಇಷ್ಟ: ಒಂದು ವಾಟಗದಾಗ ಅರಿಷಿಣ ಹಾಕಿ, ಎಲಿಗೆ ಹಚ್ಚೂ ಸುಣ್ಣ ಚಿಟಿಕಿಯಷ್ಟು ಬೆರಸಿದೆ. ಹಳದಿ ಹೋಗಿ ಕೆಂಪಾತು. ಮಗಳು ಬಾಯಿ ಬಿಟ್ಕೊಂಡು ನಿಂತ್ಲು. ನಿಂಬಿಹಣ್ಣು ಹಿಂಡಿದೆ, ಮತ್ತ ಹಳದಿ! ಕುಂಕುಮ ಹುಟ್ಟೂದು ಹಿಂಗ, ಆರತಿ ತಟ್ಟ್ಯಾಗಿನ ಓಕಳಿನೂ ಹಿಂಗ ಅಂತ ಹೇಳಿದೆ. ಮರುದಿನ ಸಾಲ್ಯಾಗ ತಾನ ಹೇಳಿ ಬಂದ್ಲು.

ನಾ ಸಿಕ್ಕೊಂಡದ್ದು ಮುಂದಿನ ಪ್ರಶ್ನಿಗೆ. ಶ್ರಾವಣದಾಗ ಊರಿಗೆ ಹೋದಾಗ ಶುಕ್ರವಾರ ಓಣಿ ಹೆಣ್ಣಮಕ್ಕಳು ಬಂದಿದ್ರು. ಅರಿಷಿಣ-ಕುಂಕುಮದ ತಟ್ಟಿ ಹೊರಗ ಬಂದದ್ದ ನಮ್ಮ ಆಯಿ ತಾನ ಎದ್ದು ಅಡಗಿಮನಿಗೆ ಹೋದ್ಲು. ಯಾರೂ ಹೋಗು ಅನ್ನಲಿಲ್ಲ, ಕುಂದ್ರು ಅಂತನೂ ಅನ್ನಲಿಲ್ಲ. "ಆಯಿಗೆ ಯಾಕಿಲ್ಲ?" ಅಂತ ಕೇಳಿದ್ಲು ಮಗಳು, ಎಲ್ಲಾರ ಮುಂದ. ಗಂಡ ಹ್ವಾದಾಕಿ ಹಚ್ಕೊಬಾರದು ಅಂತ ಮಂದಿ ಅಂತಾರ, ನನಗದು ಸೇರೂದಿಲ್ಲ ಅಂತ ರಾತ್ರಿ ಖರೆ ಹೇಳಿದೆ. "ಮತ್ತ ನೀ ಯಾಕ ಹಚ್ಕೊಂತಿ?" ಅಂದ್ಲು. ಚಂದ ಕಾಣತೈತಿ, ರೂಢಿ ಆಗೇತಿ ಅಂದೆ. ಬ್ಯಾರೆ ಏನೂ ತೋಚಲಿಲ್ಲ.

ಆಯಿಗೂ ಕೇಳಿದೆ, ನೀನೂ ಹಚ್ಕೋ, ಯಾರೇನಂತಾರ ಅಂತ. "ನನ್ನ ಹಣಿ ಬರಿದೇನೈತಿ? ಈಬತ್ತಿ ಕಾಣೂದಿಲ್ಲೇನ್ ನಿನಗ?" ಅಂತ ನನಗ ಬೈದ್ಲು.

ಇನ್ನ ನಿನ್ನ ಮಗಳ ಅಂಜಿಕಿ. ನಾನಿರೂದು ನ್ಯೂಜೆರ್ಸಿ. 1987ರಾಗ ಇಲ್ಲೆ ಜರ್ಸಿ ಸಿಟಿಯೊಳಗ 'ಡಾಟ್‌ಬಸ್ಟರ್ಸ್' ಅಂತ ಹೆಸರಿಟ್ಕೊಂಡವ್ರು ಭಾರತದವ್ರನ್ನ ಹುಡುಕಿ ಬಡದಿದ್ರು. ಡಾಟ್ ಅಂದ್ರ ಈ ಕುಂಕುಮಾನ. ಕಾಲ ಬದಲಾಗೇತಿ, ಆದ್ರ "ಯಾಕ ನಾಚ್ತಿ" ಅಂತ ಕೂಸಿಗೆ ಜೋರ್ ಮಾಡೂ ಮುಂದ ಇದು ನೆನಪಿರಲಿ. ಸಾಲಿಗೆ ಬ್ಯಾಡ ಅಂದ್ರ ಬ್ಯಾಡ. ನಮ್ಮಾಕಿ ಹಬ್ಬಕ್ಕ, ಕನ್ನಡ ಕೂಟಕ್ಕ ತಾನ ಹುಡುಕಿ ಹಚ್ಕೊಂತಾಳ.

ಟಿಕಳಿ ದಿನಾ ಒಂದ ಜಾಗಾದಾಗ ಅಂಟಿಸಬ್ಯಾಡ್ರಿ. ಅದರ ಅಂಟಿನಾಗಿನ ರಾಸಾಯನಿಕಕ್ಕ ಕೆಲವರ ಹಣಿ ಮ್ಯಾಲೆ ಬಿಳಿ ಕಲಿ ಬೀಳತೈತಿ. ತುರಿಕಿ ಸುರು ಆದ್ರ ಬಿಟ್ಟುಬಿಡ್ರಿ.

ಅರಿಷಿಣದ ಆಟ ನೀವೂ ಮಾಡೂದಾದ್ರ, ಸುಣ್ಣ ಪಾನ್ ಸಾಮಾನು ಇಡೂ ದೇಸಿ ಅಂಗಡ್ಯಾಗ ಕೇಳ್ರಿ. ಕೂಸಿನ ಕೈಗೆ ಕೊಡಬ್ಯಾಡ್ರಿ, ಸುಡತೈತಿ. ಸಿಗಲಿಲ್ಲಂದ್ರ ಅಡಗಿ ಸೋಡಾ ನೀರಾಗ ಕಲಸಿ ಹಾಕ್ರಿ, ಬಣ್ಣ ಅಷ್ಟು ಚಲೋ ಬರೂದಿಲ್ಲ. ಕೆಳಗ ಹಳೇ ಪೇಪರ್ ಹಾಸ್ರಿ. ನಮ್ಮ ಅಡಗಿ ಕಟ್ಟಿ ಮ್ಯಾಲಿನ ಕಲಿ ಇನ್ನೂ ಹೋಗಿಲ್ಲ.