ಬ್ಯಾಡಗಿ ಗಿಡದ ಎಲೆ ಅಂಚು ಸುಡುತ್ತಿದೆ, ಹೂ ಉದುರುತ್ತಿದೆ. ಎಲ್ಲಾ ಮನೆಯಲ್ಲೇ ಮಾಡಿ ಹಾಕಿದ್ದು, ಆದರೂ ಹೀಗ್ಯಾಕೆ? (ಪರಿಹಾರ ಸಿಕ್ಕಿದೆ)

ಮಾಳಿಗೆ_ತೋಟ:

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ನಮ್ಮ ತಾರಸಿ ಮೇಲೆ ಒಂಬತ್ತು ಬ್ಯಾಡಗಿ ಮೆಣಸಿನ ಗಿಡ ಹಾಕಿದ್ದೇನೆ. ತವರಿಂದ ತಂದ ಬೀಜ, ಡಬ್ಬಿ ತಳಿ. 20 ಲೀಟರಿನ ಗ್ರೋ ಬ್ಯಾಗು. ಕೆಮ್ಮಣ್ಣು, ಎರೆಗೊಬ್ಬರ, ಕೊಕೊಪೀಟು ಸಮಸಮ. ಜನವರಿಯಲ್ಲಿ ಸಸಿ ನೆಟ್ಟಿದ್ದು. ಮಾರ್ಚ್ ಮೊದಲ ವಾರದವರೆಗೂ ಬಂದವರೆಲ್ಲ ನಿಂತು ನೋಡುವ ಹಾಗಿತ್ತು. ಈಗ ನೋಡಿದರೆ ಅಳು ಬರುತ್ತೆ.

ಹಳೆ ಎಲೆಗಳ ತುದಿ, ಅಂಚು ಕಂದು ಬಣ್ಣಕ್ಕೆ ತಿರುಗಿವೆ. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತೆ. ಎಲೆಯ ನಡುಭಾಗ ಮಾತ್ರ ಕಡು ಹಸಿರು. ಬೆಳಿಗ್ಗೆ ಹೋಗಿ ನೋಡಿದರೆ ಬ್ಯಾಗಿನ ಸುತ್ತ ಹೂವು ತೊಟ್ಟಿನ ಸಮೇತ ಬಿದ್ದಿರುತ್ತೆ. ಮೂರು ಗಿಡದಲ್ಲಿ ಕುಡಿ ಎಲೆ ಮುದುಡಿದೆ. ಇನ್ನೊಂದು ವಿಚಿತ್ರ ಅಂದರೆ ಹನ್ನೊಂದು ಗಂಟೆಗೇ ಗಿಡ ಜೋತು ಬೀಳುತ್ತೆ, ಬೆರಳು ಹಾಕಿ ನೋಡಿದರೆ ಮಣ್ಣು ಒದ್ದೆಯಾಗೇ ಇರುತ್ತೆ.

ಕೆಮಿಕಲ್ ಒಂದು ಹನಿಯೂ ಹಾಕಿಲ್ಲ. ಜೀವಾಮೃತ, ಫಿಶ್ ಅಮಿನೋ (ಮೀನು, ಬೆಲ್ಲ ಸೇರಿಸಿ ಕಳಿಸಿದ ದ್ರಾವಣ), ಅಷ್ಟೇ. ದಯವಿಟ್ಟು ಯಾರಾದರೂ ಹೇಳಿ.

ಕೆಂಪು_ಮಣ್ಣು:

ಅಕ್ಕಾ ಇದು ಪಕ್ಕಾ ಮುಟುರು ರೋಗ, ಎಲೆ ಮುದುಡೋ ಕಾಯಿಲೆ. ಬೇವಿನ ಎಣ್ಣೆ ಲೀಟರಿಗೆ 5 ಎಂಎಲ್, ಸ್ವಲ್ಪ ಸೋಪು ನೀರು ಸೇರಿಸಿ ಸಂಜೆ ಹೊತ್ತು ಹೊಡೀರಿ. ವಾರದಲ್ಲಿ ಸರಿ ಹೋಗುತ್ತೆ.

ಮಾಳಿಗೆ_ತೋಟ:

ಥ್ಯಾಂಕ್ಸ್ ಕಣಪ್ಪ, ಇವತ್ತೇ ಹೊಡೆಯುತ್ತೇನೆ.

ತಿಪ್ಪೆಗುಂಡಿ:

ಸ್ವಲ್ಪ ತಡೀರಿ ಮೇಡಂ. ಎಲೆ ಮುದುಡಿದ್ದು ಮೂರೇ ಗಿಡ, ಅಂಚು ಸುಟ್ಟಿದ್ದು ಒಂಬತ್ತೂ ಗಿಡ, ಅಂದರೆ ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇರಬಹುದು, ಎರಡನ್ನೂ ಒಂದೇ ಬಾಟಲಿಯಿಂದ ವಾಸಿ ಮಾಡಲು ಹೊರಟರೆ ಎರಡೂ ವಾಸಿಯಾಗಲ್ಲ. ಮಣ್ಣು ಒದ್ದೆ ಇದ್ದೂ ಗಿಡ ಬಾಡುತ್ತೆ ಅಂದಿರಲ್ಲ, ನನಗೆ ಅದೇ ಕಿವಿಗೆ ಬಿದ್ದಿದ್ದು. ಹಾಗಾಗಬೇಕಾದರೆ ಒಂದೋ ಬೇರು ಕೊಳೆತಿರಬೇಕು, ಇಲ್ಲಾ ಮಣ್ಣಲ್ಲಿ ಉಪ್ಪಿನಂಶ ಜಾಸ್ತಿಯಾಗಿ ಬೇರಿಗೆ ನೀರು ಎಳೆಯಲು ಆಗುತ್ತಿಲ್ಲ.

ಇಷ್ಟು ಹೇಳಿ. ಏನೇನು ಹಾಕಿದಿರಿ, ಎಷ್ಟು ದಿನಕ್ಕೊಮ್ಮೆ, ಎಷ್ಟು ಅಳತೆ? ಮುಚ್ಚುಮರೆ ಬೇಡ, ಇಲ್ಲಿ ಯಾರೂ ಬೈಯಲ್ಲ. ನೀರು ಯಾವುದು, ಕಾವೇರಿಯೋ ಬೋರೋ? ಬ್ಯಾಗಿನ ಅಂಚಲ್ಲಿ ಬಿಳಿ ಪದರ ಕಾಣುತ್ತಾ?

ಮಾಳಿಗೆ_ತೋಟ:

ಬೇವಿನ ಎಣ್ಣೆ ಆಗಲೇ ಹೊಡೆದುಬಿಟ್ಟೆ ಸರ್, ಸಾರಿ.

ಜೀವಾಮೃತ: 20 ಲೀಟರಿನ ಡ್ರಮ್ಮಲ್ಲಿ ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಮೂರು ದಿನಕ್ಕೊಮ್ಮೆ ಗಿಡಕ್ಕೆ ಒಂದೊಂದು ಚೊಂಬು. ನೀರು ಬೆರೆಸಿಲ್ಲ. ಡ್ರಮ್ಮು ಫೆಬ್ರವರಿಯಲ್ಲಿ ತುಂಬಿಸಿದ್ದು, ಪಕ್ಕದ ಮನೆಯವರು ವಾಸನೆ ಅಂತ ಗಲಾಟೆ ಮಾಡಿದ್ದಕ್ಕೆ ಮುಚ್ಚಳ ಬಿಗಿದಿಟ್ಟಿದ್ದೇನೆ. ಮುಗಿಯುತ್ತಾ ಬಂದಾಗ ಅದಕ್ಕೇ ಮತ್ತೆ ಸಗಣಿ, ಬೆಲ್ಲ ಸೇರಿಸುತ್ತೇನೆ.

ಫಿಶ್ ಅಮಿನೋ: ಲೀಟರ್ ನೀರಿಗೆ ಒಂದು ಚಮಚ, ವಾರಕ್ಕೆ ಎರಡು ಸಲ ಬುಡಕ್ಕೆ. ಯೂಟ್ಯೂಬಲ್ಲಿ ಒಬ್ಬ ವಿದೇಶದವನು ವಾರವಾರದ ಚಾರ್ಟ್ ಹಾಕಿದ್ದ, ಅದನ್ನೇ ಬರೆದುಕೊಂಡೆ.

ನೀರು ಬೋರ್‌ವೆಲ್. ಬಿಳಿ ಪದರ ಇದೆ, ಉಗುರಲ್ಲಿ ಕೆರೆದರೆ ಪುಡಿಪುಡಿ ಬರುತ್ತೆ. ನಾನು ಅದು ಒಳ್ಳೆ ಬೂಷ್ಟು ಅಂದುಕೊಂಡಿದ್ದೆ.

ತಿಪ್ಪೆಗುಂಡಿ:

ಜೀವಾಮೃತದ ಅಳತೆ ಸರಿಯಾಗಿದೆ ಮೇಡಂ, ಮಾಡಿದ್ದು ತಪ್ಪಿಲ್ಲ, ಹಾಕಿದ್ದು ತಪ್ಪು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಲೆಕ್ಕ 200 ಲೀಟರ್, ಒಂದು ಎಕರೆಗೆ. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ 5 ಲೀಟರ್. ಗುಂಟೆ ಅಂದರೆ 1089 ಚದರ ಅಡಿ. ನಿಮ್ಮ ಗ್ರೋ ಬ್ಯಾಗಿನ ಬಾಯಿ ಹೆಚ್ಚೂಕಮ್ಮಿ ಒಂದು ಚದರ ಅಡಿ. ಹಾಗಾದರೆ ಒಂದು ಬ್ಯಾಗಿಗೆ ಎಷ್ಟು ಬಂತು? ಐದು ಎಂಎಲ್ ಕೂಡ ಇಲ್ಲ, ಒಂದು ಟೀ ಚಮಚ! ನೀವು ಚೊಂಬುಗಟ್ಟಲೆ ಸುರಿದಿದ್ದೀರಿ, ಅದೂ ಮೂರು ದಿನಕ್ಕೊಮ್ಮೆ. ಕುಂಡದಲ್ಲಿ ಟೀ ಚಮಚ ಲೆಕ್ಕ ಇಟ್ಟುಕೊಂಡು ಕೂರಬೇಕಾಗಿಲ್ಲ, ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಒಂದು ಲೋಟ ಕೊಟ್ಟರೆ ಏನೂ ಆಗಲ್ಲ. ಆದರೆ ಅದು ಗೊಬ್ಬರ ಅಲ್ಲ, ಹೆಪ್ಪು. ಪಾತ್ರೆ ಹಾಲಿಗೆ ಒಂದು ಚಮಚ ಮೊಸರು ಹಾಕುತ್ತೇವೆ, ಪಾತ್ರೆ ತುಂಬ ಮೊಸರು ಸುರಿಯಲ್ಲ, ಅಲ್ವಾ?

ಡ್ರಮ್ಮಿನ ಮುಚ್ಚಳ ಬಿಗಿದಿದ್ದು ಇನ್ನೊಂದು ಎಡವಟ್ಟು. ಅದಕ್ಕೆ ಗಾಳಿ ಬೇಕು. ನೆರಳಲ್ಲಿಟ್ಟು, ಗೋಣಿಚೀಲ ಹೊದಿಸಿ, ದಿನಕ್ಕೆ ಎರಡು ಸಲ ಕೋಲಲ್ಲಿ ತಿರುವಿ, ಎರಡು ದಿನ ಕಳೆದ ಮೇಲೆ ವಾರದೊಳಗೆ ಖಾಲಿ ಮಾಡಬೇಕು. ಸರಿಯಾಗಿ ಬಂದ ಜೀವಾಮೃತ ಹುಳಿ ಹಿಟ್ಟಿನ ಥರ ವಾಸನೆ ಬರುತ್ತೆ. ನಿಮ್ಮದು ಮೋರಿ ವಾಸನೆ ಬರುತ್ತಿದ್ದರೆ ಆ ಡ್ರಮ್ಮನ್ನು ಗಿಡದ ಹತ್ತಿರವೂ ತರಬೇಡಿ, ಕಾಂಪೋಸ್ಟಿಗೆ ಚೆಲ್ಲಿ.

ಆದರೂ ಜೀವಾಮೃತ ಒಂದರಿಂದಲೇ ಅಂಚು ಈ ಪಾಟಿ ಸುಡುವುದು ನನಗೆ ನಂಬಿಕೆ ಬರುತ್ತಿಲ್ಲ. ಆ ಚಾರ್ಟು ಯಾವುದು?

ಮಾಳಿಗೆ_ತೋಟ:

ಹೇಳಲು ನಾಚಿಕೆ ಆಗುತ್ತೆ. ಅದು ಗಾಂಜಾ ಬೆಳೆಯುವವರ ಚಾನೆಲ್ ಅಂತ ಆಮೇಲೆ ಗೊತ್ತಾಯ್ತು. ಎಲೆ ನೋಡಿ ನಾನು ಯಾವುದೋ ಅಲಂಕಾರದ ಗಿಡ ಅಂದುಕೊಂಡಿದ್ದೆ 😅 ನಮ್ಮ ಮನೆಯವರು ಹಿಂದಿನಿಂದ ಬಂದು ನೋಡಿ “ಏನೇ ಇದು, ಪೊಲೀಸರನ್ನ ಕರೆಸ್ತೀಯಾ” ಅಂದರು.

ಕೆಂಪು_ಮಣ್ಣು:

🤣🤣 ಅಕ್ಕಾ ನೀವು ಲೆಜೆಂಡ್

ತಿಪ್ಪೆಗುಂಡಿ:

ನಾಚಿಕೆ ಯಾಕೆ? ನಮ್ಮಲ್ಲಿ ಅದನ್ನು ಬೆಳೆದರೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆ ಪ್ರಕಾರ ಜೈಲು, ಆದರೆ ಕಾನೂನು ಒಪ್ಪಿರುವ ದೇಶಗಳಲ್ಲಿ ಅವರು ಮನೆಯಲ್ಲೇ ತಯಾರಿಸಿದ ದ್ರಾವಣಗಳ ಬಗ್ಗೆ ತುಂಬಾ ತಲೆಕೆಡಿಸಿಕೊಂಡು ಬರೆಯುತ್ತಾರೆ. ಫಿಶ್ ಅಮಿನೋ ಅವರದ್ದಲ್ಲ, ಕೊರಿಯಾದ ಚೋ ಹಾನ್-ಕ್ಯು ಅವರ ನೈಸರ್ಗಿಕ ಕೃಷಿ ಪದ್ಧತಿಯಿಂದ ಬಂದದ್ದು. ಮೂಲ ಅಳತೆ ಒಂದು ಪಾಲಿಗೆ ಸಾವಿರ ಪಾಲು ನೀರು. ಅಂದರೆ ಲೀಟರಿಗೆ ಒಂದು ಎಂಎಲ್.

ಈಗ ಆ ಚಾರ್ಟಲ್ಲಿ ಏನಿದೆ ನೋಡಿ ಹೇಳಿ. ಚಮಚ ಅಂತ ಮಾತ್ರ ಇದೆಯಾ, ಪಕ್ಕದಲ್ಲಿ ಇನ್ನೇನಾದರೂ ಇದೆಯಾ?

ಮಾಳಿಗೆ_ತೋಟ:

“ಒಂದು ಟೀಸ್ಪೂನ್, ಒಂದು ಗ್ಯಾಲನ್‌ಗೆ” ಅಂತಿದೆ. ಗ್ಯಾಲನ್ ಅಂದರೆ ಲೀಟರ್ ಥರಾನೇ ಅಲ್ವಾ?

ತಿಪ್ಪೆಗುಂಡಿ:

ಅಲ್ಲ ತಾಯಿ. ಅಮೆರಿಕದ ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಅವರ ಟೀಸ್ಪೂನ್ 5 ಎಂಎಲ್. ಲೀಟರಿಗೆ 1.3 ಎಂಎಲ್ ಬಂತು, ಚೋ ಅವರ ಲೆಕ್ಕಕ್ಕೆ ಹತ್ತಿರ. ನೀವು ಯಾವ ಚಮಚ ಬಳಸಿದಿರಿ?

ಮಾಳಿಗೆ_ತೋಟ:

ಊಟದ ಚಮಚ. ಈಗ ಮಗುವಿನ ಔಷಧಿ ಮುಚ್ಚಳದಲ್ಲಿ ಅಳೆದು ನೋಡಿದೆ, 10 ಎಂಎಲ್ ಹಿಡಿಯುತ್ತೆ. ಅಯ್ಯೋ ದೇವರೇ.

ಬೂತಾಯಿ_ಪ್ರಿಯ:

ನಾನು ಉಡುಪಿಯವ, ಮೀನಿನ ಮಾತು ಬಂತು ಅಂತ ಬಂದೆ 😀 ಏಳೆಂಟು ಪಟ್ಟು ಹಾಕಿದರೆ ಎಲೆ ಕಡು ಹಸಿರಾಗಿ ಹೂ ಉದುರೋದು ನಿಜ, ಸಾರಜನಕ ಜಾಸ್ತಿ ಆಯ್ತಲ್ಲ. ಹೂ ಬಿಡೋ ಹೊತ್ತಿಗೆ ಫಿಶ್ ಅಮಿನೋ ಕಮ್ಮಿ ಮಾಡಬೇಕು, ಇಲ್ಲಾಂದ್ರೆ ಬರೀ ಎಲೆ. ಆದರೆ ಮಣ್ಣಲ್ಲಿ ಬಿಳಿ ಉಪ್ಪು, ಒದ್ದೆ ಮಣ್ಣಲ್ಲೇ ಬಾಡೋದು, ಇದು ಬೇರೆ ಕಥೆ ಅನಿಸ್ತದೆ. ಎರಡು ಅನುಮಾನ ನನಗೆ. ಕೊಕೊಪೀಟು ತೊಳೆದಿದ್ದೀರಾ? ಕಡಲ ಕಡೆಯ ತೆಂಗಿನ ನಾರಲ್ಲಿ ಉಪ್ಪು ಇರ್ತದೆ. ಇನ್ನೊಂದು, ಯಾವ ಮೀನು ಹಾಕಿ ಮಾಡಿದ್ರಿ? ಬೂತಾಯಿಯಾ, ಬಂಗುಡೆಯಾ?

ಮಾಳಿಗೆ_ತೋಟ:

ಕೊಕೊಪೀಟು ಎರಡು ಸಲ ತೊಳೆದಿದ್ದೆ ಸರ್. ಮೀನು... ನಾವು ಸಸ್ಯಾಹಾರಿಗಳು, ಹಸಿ ಮೀನು ಮನೆಗೆ ತರಲು ಅತ್ತೆ ಬಿಡಲಿಲ್ಲ. ಕೆಳಗಿನ ಮನೆಯವರು ಒಂದು ಕೆಜಿ ಒಣಮೀನು ಕೊಟ್ಟರು, ಅದನ್ನೇ ನೆನೆಸಿ, ಒಂದು ಕೆಜಿ ಬೆಲ್ಲ ಹಾಕಿ ಗಾಜಿನ ಜಾಡಿಯಲ್ಲಿ ಒಂದು ತಿಂಗಳು ಇಟ್ಟೆ. ವಾಸನೆಯೂ ಕಮ್ಮಿ ಇತ್ತು, ಒಳ್ಳೇದೇ ಆಯ್ತು ಅಂದುಕೊಂಡೆ.

ಬೂತಾಯಿ_ಪ್ರಿಯ:

ಮೇಡಂ!! ಒಣಮೀನು ಅಂದ್ರೆ ಹೆಚ್ಚಾಗಿ ಉಪ್ಪಲ್ಲಿ ಹೂತು ಒಣಗಿಸಿದ ಮೀನು! ನಾವು ಸಾರು ಮಾಡುವ ಮುಂಚೆ ಎರಡು ಮೂರು ನೀರಲ್ಲಿ ತೊಳೀತೇವೆ, ಆದ್ರೂ ಸಾರಿಗೆ ಬೇರೆ ಉಪ್ಪು ಹಾಕೋದಿಲ್ಲ. ನೀವು ನೆನೆಸಿದ ನೀರು ಚೆಲ್ಲಿದ್ರಾ ಇಲ್ಲಾ ಜಾಡಿಗೇ ಹಾಕಿದ್ರಾ?

ಮಾಳಿಗೆ_ತೋಟ:

ಜಾಡಿಗೇ ಹಾಕಿದೆ. ಸತ್ವ ಹೋಗುತ್ತೆ ಅಂತ.

ತಿಪ್ಪೆಗುಂಡಿ:

ಸಿಕ್ಕಿತು ಕಳ್ಳ. ಅಂದರೆ ಎರಡು ತಿಂಗಳಿಂದ ವಾರಕ್ಕೆರಡು ಸಲ ಗಿಡಕ್ಕೆ ಉಪ್ಪುನೀರು ಕುಡಿಸಿದ್ದೀರಿ. ಬೋರ್ ನೀರಿನ ಗಡಸು ಅದಕ್ಕೆ ಒಗ್ಗರಣೆ. ಊಹೆ ಬೇಡ, ಅಳೆದು ನೋಡೋಣ. ಮನೆಗೆ ಆರ್‌ಒ ಫಿಲ್ಟರ್ ರಿಪೇರಿಗೆ ಬರುವವರ ಹತ್ತಿರ ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಪಿಪಿಎಂ ಲೆಕ್ಕದಲ್ಲಿ ತೋರಿಸುವ, ಪೆನ್ನಿನ ಥರದ ಟಿಡಿಎಸ್ ಮೀಟರ್ ಇರುತ್ತಲ್ಲ, ಅದು ಸಿಗುತ್ತಾ? ಕುಡಿಯುವ ಆರ್‌ಒ ನೀರು ಅಳೆಯಿರಿ, ಆಮೇಲೆ ಅದೇ ಒಂದು ಲೀಟರಿಗೆ ನಿಮ್ಮ ದ್ರಾವಣ 10 ಎಂಎಲ್ ಹಾಕಿ ಅಳೆಯಿರಿ. ಬೆಲ್ಲ ಮೀಟರಿಗೆ ಕಾಣಲ್ಲ, ಉಪ್ಪು ಕಾಣುತ್ತೆ. ಹಾಗೇ ಬ್ಯಾಗಿಗೆ ನೀರು ಹಾಕಿ, ತಳದ ತೂತಿಂದ ಬರುವ ನೀರನ್ನೂ ಹಿಡಿದು ಅಳೆಯಿರಿ.

ಮಾಳಿಗೆ_ತೋಟ:

ಅಳೆದೆ. ಆರ್‌ಒ ನೀರು 40. ದ್ರಾವಣ ಹಾಕಿದ ಮೇಲೆ 960. ಬೋರ್ ನೀರು 820. ಬ್ಯಾಗಿನ ತಳದಿಂದ ಬಂದ ನೀರು 3100! ಮೀಟರ್ ಕೆಟ್ಟಿದೆ ಅಂತ ಮೂರು ಸಲ ತೊಳೆದು ನೋಡಿದೆ, ಅಷ್ಟೇ ತೋರಿಸಿತು.

ಬೂತಾಯಿ_ಪ್ರಿಯ:

ನನ್ನ ಹಸಿ ಬೂತಾಯಿಯ ಅಮಿನೋ ಈಗಷ್ಟೇ ಅದೇ ಥರ ಅಳೆದೆ, 10 ಎಂಎಲ್ ಹಾಕಿದರೆ 40ರಿಂದ 150ಕ್ಕೆ ಹೋಯ್ತು ಅಷ್ಟೇ.

ತಿಪ್ಪೆಗುಂಡಿ:

ಇನ್ನೇನೂ ಅನುಮಾನ ಬೇಡ. ಈಗ ಮಾಡಬೇಕಾದ್ದು ಇಷ್ಟು. ಎಲ್ಲಾ ದ್ರಾವಣ ನಿಲ್ಲಿಸಿ, ಒಂದು ತಿಂಗಳು ಏನೂ ಬೇಡ. ತಳದ ತೂತು ಕಟ್ಟಿದ್ದರೆ ಕಡ್ಡಿಯಲ್ಲಿ ಬಿಡಿಸಿ. ಕಾವೇರಿ ನೀರು ಬರುವ ದಿನ ಒಂದೊಂದು ಬ್ಯಾಗಿಗೆ 40 ಲೀಟರ್, ಒಂದೇ ಸಲ ಬಕೆಟ್ ಕವುಚಬೇಡಿ, ನಿಧಾನಕ್ಕೆ ಮೂರು ನಾಲ್ಕು ಕಂತಲ್ಲಿ. ಬೇಸಿಗೆಯಲ್ಲಿ ಇಷ್ಟು ನೀರು ಚೆಲ್ಲಲು ಕರುಳು ಚುರ್ ಅನ್ನುತ್ತೆ, ಗೊತ್ತು, ಬೇರೆ ದಾರಿ ಇಲ್ಲ. ಸದ್ಯ ಆರ್‌ಒದಿಂದ ಹೊರಬರುವ ವೇಸ್ಟ್ ನೀರು ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದರಲ್ಲಿ ಲವಣ ಇನ್ನೂ ಜಾಸ್ತಿ. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ, ಹೊಸ ಎಲೆ ಹೇಗೆ ಬರುತ್ತೆ ಅಂತ ಮಾತ್ರ ನೋಡಿ.

ಮುದುಡಿದ ಮೂರು ಗಿಡ ಬೇರೆ ವಿಷಯ. ಎಲೆ ಮೇಲಕ್ಕೆ ದೋಣಿ ಥರ ಮುದುಡಿದೆಯಾ, ಕೆಳಕ್ಕೆ ಬಗ್ಗಿದೆಯಾ?

ಮಾಳಿಗೆ_ತೋಟ:

ಕೆಳಕ್ಕೆ. ಬೋರಲು ಹಾಕಿದ ದೋಣಿ ಥರ. ತೊಟ್ಟು ಉದ್ದವಾಗಿದೆ.

ತಿಪ್ಪೆಗುಂಡಿ:

ಹಾಗಾದರೆ ನುಸಿ, ಕಣ್ಣಿಗೆ ಕಾಣದಷ್ಟು ಸಣ್ಣ ರಸ ಹೀರುವ ಜೀವಿ. ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಸಾರಜನಕ ಜಾಸ್ತಿಯಾಗಿ ಕುಡಿ ಮೆತ್ತಗಾದಾಗ ಇವೆಲ್ಲ ಹುಡುಕಿಕೊಂಡು ಬರುತ್ತವೆ. ನುಸಿಗೆ ಗಂಧಕದ ಪುಡಿ, ಅಂಗಡಿಯಲ್ಲಿ ವೆಟ್ಟಬಲ್ ಸಲ್ಫರ್ ಅಂತ ಕೇಳಿ, ಲೀಟರಿಗೆ 2 ಗ್ರಾಂ, ಎಲೆ ಅಡಿಗೆ ಬೀಳುವ ಹಾಗೆ. ಆದರೆ ಈಗಲೇ ಬೇಡ! ಬೇವಿನ ಎಣ್ಣೆ ಹೊಡೆದಿದ್ದೀರಲ್ಲ, ಎಣ್ಣೆ ಮೇಲೆ ಗಂಧಕ ಬಿದ್ದರೆ ಉಳಿದ ಎಲೆಯೂ ಸುಡುತ್ತೆ. ಎರಡು ವಾರ ಬಿಡಿ. ಬಿಸಿಲೇರಿದಾಗ ಹೊಡೆಯಬೇಡಿ. ಅಲ್ಲಿಯವರೆಗೆ ಮುದುಡಿದ ಕುಡಿ ಚಿವುಟಿ ಕವರಲ್ಲಿ ಕಟ್ಟಿ ಬಿಸಾಡಿ, ಕಾಂಪೋಸ್ಟಿಗೆ ಹಾಕಬೇಡಿ.

ಕೆಂಪು_ಮಣ್ಣು:

ಸಾರಿ ಅಕ್ಕಾ, ನಾನೇ ಎಣ್ಣೆ ಹೊಡೆಸಿದ್ದು 🙏 ಈ ಎಣ್ಣೆ-ಗಂಧಕದ ವಿಷಯ ನನಗೂ ಗೊತ್ತಿರಲಿಲ್ಲ.

ಮಾಳಿಗೆ_ತೋಟ:

ಅಪ್‌ಡೇಟ್, ಐದು ವಾರ ಆಯ್ತು.

ಎರಡು ಗಿಡ ಹೋದವು. ಕಿತ್ತು ನೋಡಿದರೆ ಬೇರಿನ ತುದಿಯೆಲ್ಲ ಕಂದು, ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿತ್ತು. ಉಳಿದ ಏಳು ಬದುಕಿವೆ. ತೊಳೆದ ಮೇಲೆ ತಳದ ನೀರು 1100ಕ್ಕೆ ಇಳಿದಿತ್ತು, ಆಮೇಲೆ ಭರಣಿ ಮಳೆ ಎರಡು ಸಂಜೆ ಚೆನ್ನಾಗಿ ಹೊಡೆಯಿತು, ಈಗ 480. ಹನ್ನೊಂದಕ್ಕೆ ಬಾಡೋದು ನಿಂತಿದೆ. ನುಸಿಗೆ ಗಂಧಕ ಒಂದೇ ಸಲ ಹೊಡೆದೆ, ಹೊಸ ಕುಡಿ ನೇರ ಬಂದಿದೆ. ನಿನ್ನೆ ಎಣಿಸಿದೆ, ಏಳು ಗಿಡದಲ್ಲಿ ಇಪ್ಪತ್ಮೂರು ಹೀಚು.

ಒಣಮೀನಿನ ಜಾಡಿ ಇನ್ನೂ ಮುಕ್ಕಾಲು ಹಾಗೇ ಇದೆ. ಏನು ಮಾಡಲಿ?

ಬೂತಾಯಿ_ಪ್ರಿಯ:

ಟಾಯ್ಲೆಟ್ಟಿಗೆ ಸುರಿದು ಎರಡು ಬಕೆಟ್ ನೀರು ಹಾಕಿ. ಮಣ್ಣಿಗೆ ಬೇಡ, ಉಪ್ಪು ತಡೆಯೋ ತೆಂಗಿನ ಮರ ಇದ್ದಿದ್ದರೆ ಬೇರೆ ಮಾತು. ಹೊಸದು ಮಾಡೋದಾದರೆ ಮೀನಂಗಡಿಯಲ್ಲಿ ತಲೆ, ಕರುಳು ಕೇಳಿ, ಎಷ್ಟೋ ಕಡೆ ಸುಮ್ನೆ ಕೊಡ್ತಾರೆ. ತೂಕಕ್ಕೆ ಸಮ ಬೆಲ್ಲ, ಬೆಲ್ಲ ಕಮ್ಮಿಯಾದರೆ ಕೊಳೀತದೆ. ಜಾಡಿ ಪೂರ್ತಿ ತುಂಬಬೇಡಿ, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಒಂದು ಕಲ್ಲು ಇಡಿ. ಕಲ್ಲು ಬೆಕ್ಕಿಗೆ.

ಮಾಳಿಗೆ_ತೋಟ:

ಅತ್ತೆಗೆ ಏನು ಹೇಳಲಿ?

ಬೂತಾಯಿ_ಪ್ರಿಯ:

ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ ಮೇಡಂ. ಕಡಲೆ ಹಿಂಡಿ ನೆನೆಸಿ ಹಾಕಿ, ಸಾಕು.