ಮಂತ್ರಿಗೊಂದು ಕಾನೂನು, ಕ್ಲಾರ್ಕಿಗೊಂದು ಕಾನೂನು ಯಾಕೆ?

ಪಿಂಪ್ರಿ ಕನ್ನಡಿಗ:
ಸರ್ಕಾರಿ ನೌಕರ 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ತಾನಾಗೇ ಸಸ್ಪೆಂಡ್. ನಮ್ಮ ಸೊಸೈಟಿಯಲ್ಲಿರುವ ಒಬ್ಬ ಸರ್ಕಾರಿ ಕ್ಲಾರ್ಕಿಗೆ ಹೀಗಾಯಿತು. ಆರೋಪ ಇನ್ನೂ ಸಾಬೀತಾಗಿಲ್ಲ, ಅರ್ಧ ಸಂಬಳದಲ್ಲಿ ಮನೆ ನಡೆಯುತ್ತಿದೆ. ಮಂತ್ರಿಗಳಿಗೆ ಮಾತ್ರ ಈ ಲೆಕ್ಕ ಇಲ್ಲ. 2022ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಮಂತ್ರಿ ನವಾಬ್ ಮಲಿಕ್ ಬಂಧನವಾದಾಗ ಖಾತೆಗಳು ಬೇರೆಯವರಿಗೆ ಹೋದವೇ ಹೊರತು ಸರ್ಕಾರ ಬೀಳುವ ತನಕ ಅವರು ಮಂತ್ರಿಯಾಗಿಯೇ ಉಳಿದರು. ಇದು ಯಾವ ನ್ಯಾಯ?

ಠಾಣೆ ವಕೀಲ:
ಬಂಧನ ಬೇರೆ, ಶಿಕ್ಷೆ ಬೇರೆ ಸಾರ್. ಜನಪ್ರಾತಿನಿಧ್ಯ ಕಾಯ್ದೆಯ 8ನೇ ಕಲಂ ಪ್ರಕಾರ 2 ವರ್ಷ ಅಥವಾ ಜಾಸ್ತಿ ಜೈಲು ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ, ಬಿಡುಗಡೆಯಾದ ಮೇಲೂ 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಾದರೆ ಬರೀ ದಂಡ ಬಿದ್ದರೂ 6 ವರ್ಷ ಅನರ್ಹ. ಮೊದಲೆಲ್ಲಾ ಮೂರು ತಿಂಗಳೊಳಗೆ ಅಪೀಲು ಹಾಕಿ ಕುರ್ಚಿ ಉಳಿಸಿಕೊಳ್ಳುತ್ತಿದ್ದರು. 2013ರಲ್ಲಿ ಲಿಲಿ ಥಾಮಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ದಾರಿ ಮುಚ್ಚಿತು.

ಚೆಂಬೂರ್ ಅಕ್ಕ:
ವಕೀಲ್ರೇ, ಕಾನೂನು ಗಟ್ಟಿ ಇದ್ದು ಏನು ಬಂತು, ತೀರ್ಪು ಬರಬೇಕಲ್ಲ! ನಾಗಪುರ ಜಿಲ್ಲಾ ಸಹಕಾರಿ ಬ್ಯಾಂಕಿನ ಹಗರಣ ಹೊರಬಿದ್ದದ್ದು 2002ರಲ್ಲಿ. ಸರ್ಕಾರಿ ಬಾಂಡ್ ಕೊಳ್ಳಲು ಅಂತ ಖಾಸಗಿ ಕಂಪನಿಗಳಿಗೆ ನೂರು ಕೋಟಿಗೂ ಜಾಸ್ತಿ ಕೊಟ್ಟರು, ಬಾಂಡೂ ಬರಲಿಲ್ಲ, ದುಡ್ಡೂ ಬರಲಿಲ್ಲ, ಅಷ್ಟೂ ರೈತರ ಬ್ಯಾಂಕಿನ ದುಡ್ಡು. ಆಗ ಅಧ್ಯಕ್ಷರಾಗಿದ್ದ ಸುನೀಲ್ ಕೇದಾರ್‌ಗೆ 5 ವರ್ಷ ಶಿಕ್ಷೆಯಾದದ್ದು 2023ರ ಡಿಸೆಂಬರಿನಲ್ಲಿ. ತೀರ್ಪಿನ ಬೆನ್ನಲ್ಲೇ ಶಾಸಕ ಸ್ಥಾನ ಹೋಯಿತು, ಸರಿ. ಆದರೆ ನಡುವೆ ಅವರು ಮಂತ್ರಿಯೂ ಆಗಿಹೋಗಿದ್ದರು. ಅವರು ನಿಲ್ಲುವಂತಿಲ್ಲ ಅಂತ 2024ರಲ್ಲಿ ಟಿಕೆಟ್ ಪತ್ನಿಗೆ ಸಿಕ್ಕಿತು. ಅವರ ಕ್ಷೇತ್ರ ಸಾವನೇರ್‌ನ ಜನ ಸೋಲಿಸಿದರು, ಅದು ಬೇರೆ ಮಾತು. ಅವರ ಅಪೀಲು ಏನಾದರೂ ಆಗಲಿ, ಹೀಗೆ ಕೇಸು ಎಳೆದು ತಪ್ಪು ಮಾಡದವರಿಗೂ ಇಪ್ಪತ್ತು ವರ್ಷ ಕಳಂಕ ಹೊರಿಸುವುದು ಅನ್ಯಾಯವೇ ಅಲ್ವಾ?

ಪಿಂಪ್ರಿ ಕನ್ನಡಿಗ:
ಹಾಗಾದರೆ 30 ದಿನ ಜೈಲಿನಲ್ಲಿದ್ದರೆ ಮಂತ್ರಿಗಿರಿ ಹೋಗಲಿ ಅಂತ 2025ರ ಆಗಸ್ಟ್‌ನಲ್ಲಿ ಮಸೂದೆ ತಂದರಲ್ಲ, ಅದು ಆಗಬಹುದಾ?

ಠಾಣೆ ವಕೀಲ:
ನನಗೆ ಅದು ಒಪ್ಪಿಗೆಯಿಲ್ಲ. ಬಂಧಿಸುವ ಏಜೆನ್ಸಿ ಇನ್ನೊಂದು ಪಕ್ಷದ ಕೈಯಲ್ಲಿದ್ದರೆ 30 ದಿನ ಒಳಗಿಡುವುದು ಏನು ಕಷ್ಟ? ಅಕ್ಕ ಹೇಳಿದ್ದೇ ಸರಿ, ಬೇಗ ವಿಚಾರಣೆ ಮುಗಿಸಬೇಕು. ಸಂಸದರು, ಶಾಸಕರ ಇಂಥ ಕೇಸುಗಳನ್ನು ದೋಷಾರೋಪ ಹೊರಿಸಿದ ಒಂದು ವರ್ಷದೊಳಗೆ ಮುಗಿಸಿ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆಗದಿದ್ದರೆ ಕಾರಣ ಏನು ಅಂತ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಬರೆದು ತಿಳಿಸಬೇಕು.

ಚೆಂಬೂರ್ ಅಕ್ಕ:
ಆ ಕಾರಣಗಳನ್ನು ನಮಗೂ ತೋರಿಸಲಿ. ಯಾವ ಶಾಸಕರ ಕೇಸು, ಎಷ್ಟು ಸಲ ತಾರೀಖು ಮುಂದೆ ಹೋಯಿತು, ಯಾರು ಕೇಳಿದ್ದಕ್ಕೆ ಹೋಯಿತು, ಎಲ್ಲಾ ಮತಗಟ್ಟೆಯ ಗೋಡೆಗೆ ಅಂಟಿಸಲಿ.