ಖಯಾಲ್ ಕೇಳಿದ ಕಿವಿಗೆ ಜಾಝ್: ಯಾವ ಆಲ್ಬಂ, ಎಲ್ಲಿಂದ ಸುರು?

ತೊಗರಿ ಕಣಜ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ. ನಿಮ್ಮ ಮೆಚ್ಚಿನ ಜಾಝ್ ಆಲ್ಬಂ ಯಾವುದು ಹೇಳ್ರಿ. ಬರೇ ಹೆಸರು ಬ್ಯಾಡ್ರಿ, ಹೆಸರಿನ ಪಟ್ಟಿ ಎಲ್ಲಾ ಕಡೆ ಸಿಗ್ತಾವ. ಎಲ್ಲಿ ಕಿವಿ ಇಡಬೇಕು ಅನ್ನೋದು ಬೇಕು. ನಮ್ಮ ಕಡೆ ಹಿಂದೂಸ್ತಾನಿ ಖಯಾಲು, ದರ್ಗಾದ ಕವ್ವಾಲಿ, ಭಜನಿ ಹಾರ್ಮೋನಿಯಂ ಕೇಳಿ ರೂಢಿ. ಅಂಥವರು ಜಾಝ್ ಹಚ್ಚಿದ್ರ ಎರಡು ತೊಡಕು. ಒಂದು, ಸಾ (ಆಧಾರ ಸ್ವರ) ಎಲ್ಲದ ಅಂತ ತಿಳಿಯಂಗಿಲ್ಲ, ಹಿಡಿದೆ ಅನ್ನೂದ್ರಾಗ ಜಾರಿ ಹೋಗ್ತದ. ಎರಡನೇದು ಸಮ, ಅಂದ್ರ ತಾಳದ ಸುತ್ತು ಸುರುವಾಗೋ ಮಾತ್ರಿ, ಅದೂ ಕೈಗೆ ಸಿಗಂಗಿಲ್ಲ. ಈ ಗಂಟು ಬಿಚ್ಚೋ ಆಲ್ಬಂ ಯಾವುವು? ಬೆಲ್ಟ್ ಮ್ಯಾಲ ತಿರುಗೋ ರೆಕಾರ್ಡ್ ಪ್ಲೇಯರ್ ಅದ, ಎಲ್‌ಪಿ ಆದ್ರೂ ನಡೀತದ.

ಬಿದ್ರಿ ಬೆಳ್ಳಿ (ಬೀದರ)

ಟ್ರಂಪೆಟ್ ಊದೋ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', 1959. ಎಲ್ಲರೂ ಇದನ್ನೇ ಹೇಳ್ತಾರಂತ ಬಿಡಬ್ಯಾಡ್ರಿ. ನಿಮ್ಮ ಮೊದಲನೇ ತೊಡಕಿಗೆ ಇದಕ್ಕಿಂತ ಚಲೋ ಮದ್ದಿಲ್ಲ.

ಹಾರ್ಮೋನಿಯಂ ಮುಂದಿಟ್ಕೊಂಡು ಮೊದಲನೇ ತುಕಡಿ 'ಸೋ ವಾಟ್' ಹಚ್ರಿ. ಸುರುವಿಗೆ ಬಾಸ್ ಮತ್ತು ಪಿಯಾನೋ ತಾಳ ಇಲ್ಲದೆ ಮಾತಾಡ್ತಾವ, ಅದನ್ನ ಆಲಾಪ ಅಂತ ತಿಳ್ಕೋರಿ. ಆಮ್ಯಾಲ ಬಾಸ್ ಒಂದು ಪ್ರಶ್ನಿ ಕೇಳ್ತದ, ಉಳಿದವರು ಎರಡೇ ಸ್ವರಗುಚ್ಛದಾಗ ಉತ್ತರ ಕೊಡ್ತಾರ. ಈಗ ಬಿಳಿ ಎರಡನ್ನ (ಇಂಗ್ಲಿಷಿನ ಡಿ ಸ್ವರದ ಮನಿ) ಸಾ ಮಾಡಿ, ಕರಿ ಮನಿ ಒಂದೂ ಮುಟ್ಟದೆ ಬರೇ ಬಿಳಿ ಮ್ಯಾಲ ಏರಿ ಇಳೀರಿ. ಏನು ಬಂತು? ಕಾಫಿ ಥಾಟ್, ಅಂದ್ರ ಹಿಂದೂಸ್ತಾನಿಯ ಒಂದು ಸ್ವರಸಾಲು. ಇವರು ಅದಕ್ಕ ಡೋರಿಯನ್ ಅಂತಾರ.

ಲೆಕ್ಕ ಹಿಂಗದ: ಒಂದು ಸುತ್ತಿಗೆ 32 ಬಾರ್, ಬಾರಿಗೆ 4 ಮಾತ್ರಿ, ಒಟ್ಟು 128. ಅಂದ್ರ 16 ಮಾತ್ರಿಯ ತೀನ್‌ತಾಲದ 8 ಆವರ್ತನ. ಮೊದಲ 4 ಆವರ್ತನ ಸಾ ಬಿಳಿ ಎರಡರ ಮ್ಯಾಲ ಕೂತಿರ್ತದ. ಮುಂದಿನ 2 ಆವರ್ತನ ಕರಿ ಎರಡಕ್ಕ ಏರ್ತದ, ಕೊನಿ 2ರಾಗ ಮತ್ತ ಬಿಳಿ ಎರಡಕ್ಕ ಇಳೀತದ. ಥಾಟ್ ಅದೇ ಕಾಫಿ. ಸಾ ಜಾರ್ತಿಲ್ಲರಿ, ಒಂದು ಮನಿ ಮ್ಯಾಲ ಹೋಗಿ ಹೇಳಿದ ಹೊತ್ತಿಗೆ ವಾಪಸ್ ಬರ್ತದ. ಇಡೀ ಸುತ್ತು ಒಂದು ನಿಮಿಷಕ್ಕ ತುಸು ಕಡಿಮಿ. ಮೈಲ್ಸ್ ಎರಡು ಸುತ್ತು, ಸ್ಯಾಕ್ಸೊಫೋನಿನ ಕೋಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಆಡರ್ಲಿ ಎರಡು, ಬಿಲ್ ಇವಾನ್ಸ್ ಪಿಯಾನೋ ಒಂದು. ಬೆರಳಿನ ಗೆರಿ ಮ್ಯಾಲ ಎಣಿಸ್ಕೊಂತ ಹೋಗ್ರಿ.

ತಪ್ಪೋದು ಚಪ್ಪಾಳಿ ಒಳಗ. ಡ್ರಮ್ಮಿನ ಹೈ-ಹ್ಯಾಟ್, ಅಂದ್ರ ಕಾಲಿಂದ ಮುಚ್ಚೋ ಜೋಡಿ ತಾಟು, 2 ಮತ್ತು 4ಕ್ಕ ಮುಚ್ಕೋತದ, ಒತ್ತು ಅಲ್ಲೇ. ನೀವು 1 ಮತ್ತು 3ಕ್ಕ ಹೊಡೆದ್ರ ಭಜನಿ ಆಗ್ತದ, ಜಾಝ್ ಆಗಂಗಿಲ್ಲ.

ಕೋಟೆ ಬುಡ (ಯಾದಗಿರಿ)

ಸಾ ವಿಷಯಕ್ಕೆ ಬೀದರಿನವರು ಹೇಳಿದ್ದು ಸರಿ. ತಾಳಕ್ಕೆ ಮಾತ್ರ ಡೇವ್ ಬ್ರೂಬೆಕ್‌ನ 'ಟೈಮ್ ಔಟ್' ಕೇಳಿ. ಅದೂ 1959ರದ್ದೇ. 'ಟೇಕ್ ಫೈವ್' 5 ಮಾತ್ರೆ, 3+2. ಎರಡು ಬಾರ್ ಸೇರಿಸಿದರೆ 10 ಆಗುತ್ತದೆ, ಹಾಗಂತ ಝಪತಾಲ ಹಾಕಲು ಹೋಗಬೇಡಿ. ಝಪತಾಲ 2+3+2+3, ಇದು 3+2+3+2. ಒತ್ತು ತಿರುಗಾ ಮುರುಗಾ ಬಿದ್ದು ಎರಡನೇ ಸುತ್ತಿಗೇ ಕೈ ತಪ್ಪುತ್ತದೆ. ಡ್ರಮ್ ಸೋಲೋ ಬಂದಾಗ ಜೋ ಮೊರೆಲ್ಲೋ ಎಲ್ಲೆಲ್ಲೋ ಹೋಗ್ತಾನೆ, ಬ್ರೂಬೆಕ್ ಪಿಯಾನೋ ಮಾತ್ರ ಅದೇ ತುಣುಕು ಹಿಡಿದು ಕೂತಿರುತ್ತದೆ. ತಬಲಾ ಸೋಲೋದಲ್ಲಿ ಲೆಹರಾ, ಅಂದರೆ ಸಾರಂಗಿ ಅಥವಾ ಹಾರ್ಮೋನಿಯಂ ಮತ್ತೆ ಮತ್ತೆ ನುಡಿಸುವ ಒಂದೇ ಧುನ್, ಇದ್ದ ಹಾಗೆ. ಅದನ್ನು ಹಿಡಿದುಕೊಂಡರೆ ಸಮ ಕೈಬಿಡಲ್ಲ. 'ಬ್ಲೂ ರೊಂಡೋ' 9 ಮಾತ್ರೆಯದು: 2+2+2+3 ಮೂರು ಸಲ, ನಾಲ್ಕನೇ ಸಲ 3+3+3.

ಮೆಚ್ಚಿನದು ಅಂತ ಕೇಳಿದರೆ ಉತ್ತರ ಬೇರೆ. ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ಸ್ಟುಡಿಯೋದಲ್ಲಿ ಮುದ್ರಣವಾದದ್ದು, ನಾಲ್ಕು ಭಾಗ, ಸುಮಾರು 33 ನಿಮಿಷ. ಮೊದಲ ಭಾಗದಲ್ಲಿ ಜಿಮ್ಮಿ ಗ್ಯಾರಿಸನ್‌ನ ಬಾಸ್ ನಾಲ್ಕೇ ಸ್ವರ ನುಡಿಸುತ್ತದೆ. ಬಿಳಿ ನಾಲ್ಕನ್ನು ಸಾ ಮಾಡಿದರೆ: ಸಾ, ಕೋಮಲ ಗ, ಸಾ, ಮ. ಮುಂದೆ ಕೋಲ್ಟ್ರೇನ್ ಅದೇ ನಾಲ್ಕು ಸ್ವರವನ್ನು ಹನ್ನೆರಡೂ ಮನೆಗಳ ಮೇಲೆ ಇಟ್ಟು ನೋಡುತ್ತಾನೆ. ಕೊನೆಯ ಭಾಗ 'ಸಾಮ್'ನಲ್ಲಿ (ಇಂಗ್ಲಿಷಿನ Psalm, ಸ್ತೋತ್ರ) ತಾಳವೇ ಇಲ್ಲ, ಹಿಂದೆ ಎಲ್ವಿನ್ ಜೋನ್ಸ್‌ನ ದೊಡ್ಡ ತಮಟೆಯಂಥ ಟಿಂಪನಿ ಗುಡುಗು. ಆಲ್ಬಂ ಹೊದಿಕೆಯಲ್ಲಿ ಕೋಲ್ಟ್ರೇನ್ ಬರೆದ ಪ್ರಾರ್ಥನೆ ಅಚ್ಚಾಗಿದೆ. ಅದನ್ನು ಕೈಯಲ್ಲಿ ಹಿಡಿದು ಕೇಳಿ: ಸ್ಯಾಕ್ಸೊಫೋನ್ ಆ ಸಾಲುಗಳನ್ನೇ ಅಕ್ಷರ ಅಕ್ಷರವಾಗಿ ಓದುತ್ತಿದೆ. ಮೊದಲ ಸಲವೇ ಇದನ್ನು ಕೇಳಬೇಡಿ, ಹತ್ತು ಸಲ ಬೇರೆಯದು ಕೇಳಿ ಬನ್ನಿ.

ತೊಗರಿ ಕಣಜ (ಕಲಬುರಗಿ)

ಬೀದರ ಸರ, ಹಾರ್ಮೋನಿಯಂ ಇಟ್ಟು ನೋಡಿದ್ರ 'ಸೋ ವಾಟ್' ಬಿಳಿ ಎರಡಕ್ಕ ಹೊಂದವಲ್ದು. ದನಿ ತುಸು ಮ್ಯಾಲದ, ಕರಿ ಎರಡಕ್ಕೂ ಮುಟ್ಟಂಗಿಲ್ಲ. ಹಳೇ ಎಲ್‌ಪಿ. ಮಶೀನು ಜೋರ ತಿರುಗ್ತದೇನು? ಬೆಲ್ಟ್ ಬದಲಿಸ್ಲಿ?

ಸೂಜಿ ಕಾಕಾ (ಕಲಬುರಗಿ)

ತಡೀರಿ, ಬೆಲ್ಟಿಗೆ ಕೈ ಹಚ್ಚಬ್ಯಾಡ್ರಿ. ಬೆಲ್ಟ್ ಸಡಿಲಾದ್ರ ದನಿ ಇಳೀತದ, ಏರಂಗಿಲ್ಲ.

ಮೊದಲು ಹಾರ್ಮೋನಿಯಂ ಮ್ಯಾಲೆ ಭರೋಸಾ ಬಿಡ್ರಿ, ಹಳೇ ಪೆಟ್ಟಿಗ್ಯಾಗ ಎಷ್ಟೋ ಸ್ವರ ತಪ್ಪಿರ್ತಾವ. ಫೋನಿನಾಗ ತಂಬೂರಿ ಆ್ಯಪ್ ಹಾಕಿ 440 ಹರ್ಟ್ಜ್‌ನ ಅಳತಿಗೆ (ಬಿಳಿ ಆರರ ದನಿ) ಇಡ್ರಿ. ಆಮ್ಯಾಲ ರೆಕಾರ್ಡ್ ಹೊಳ್ಳಿಸಿ ಎರಡನೇ ಬದಿಯ 'ಆಲ್ ಬ್ಲೂಸ್' ಹಚ್ರಿ. ಅದರ ಸಾ ಬಿಳಿ ಐದು. ಅದು ಹೊಂದಿದ್ರ ಮಶೀನು ಸರಿ ಅದ, ದೋಷ ರೆಕಾರ್ಡಿನೊಳಗೇ ಅದ. ಯಾಕಂದ್ರ ಮೊದಲ ಬದಿಯ ಮೂರೂ ತುಕಡಿ 1959ರ ಮಾರ್ಚ್ 2ರಂದು ಮುದ್ರಣ ಆದವು. ಅವತ್ತು ಟೇಪ್ ಮಶೀನು ತುಸು ನಿಧಾನ ಓಡಿತ್ತು. ನಿಧಾನ ಓಡಿದ ಟೇಪನ್ನ ಸರಿ ವೇಗದಾಗ ಹಚ್ಚಿದ್ರ ದನಿ ಏರ್ತದ. ಎರಡನೇ ಬದಿ ಏಪ್ರಿಲ್ 22ರದು, ಅದಕ್ಕ ಈ ರೋಗ ಇಲ್ಲ. ಮಾರ್ಚ್ 2ರಂದು ಜೋಡಿಯಾಗಿ ಓಡಿದ್ದ ಇನ್ನೊಂದು ಮಶೀನಿನ ಟೇಪ್ ಹಿಡಿದು 1992ರ ಮರುಮುದ್ರಣದಾಗ ವೇಗ ಸರಿಮಾಡಿದ್ರು. ಅದಕ್ಕಿಂತ ಹಿಂದಿನ ಒತ್ತಿನ ಎಲ್‌ಪಿ ಇದ್ರ ಮೊದಲ ಬದಿ ಏರಿದ್ದೇ ಇರ್ತದ.

ಎರಡೂ ಬದಿ ತಪ್ಪಿದ್ರ ಮಾತ್ರ ಮಶೀನು ನೋಡ್ರಿ. ಲೇಬಲಿನ ಅಂಚಿಗೆ ಕಾಗದದ ಚೂರು ಅಂಟಿಸಿ 100 ಸುತ್ತು ಎಣಿಸ್ರಿ. 33⅓ ವೇಗಕ್ಕ ಸರಿಯಾಗಿ 180 ಸೆಕೆಂಡ್ ಆಗಬೇಕು. ಒಂದು ಸೆಕೆಂಡ್ ಹೆಚ್ಚು ಕಡಿಮಿ ನಡೀತದ. 175ಕ್ಕ ಮುಗಿದ್ರ ಅರ್ಧ ಮನಿ ಏರಿದಂಗ. ಡಿಸಿ ಮೋಟಾರಿದ್ರ ಕೆಳಗ ಸಣ್ಣ ತೂತಿನೊಳಗ ವೇಗದ ಸ್ಕ್ರೂ ಇರ್ತದ, ಕೂದಲೆಳೆಯಷ್ಟು ತಿರುಗಿಸಿ ಮತ್ತ ಎಣಿಸ್ರಿ. ಅಮೆರಿಕಾದಿಂದ ತಂದ ಹಳೇ ಎಸಿ ಮೋಟಾರಿನ ಮಶೀನಾದ್ರ ಕಥಿ ಬ್ಯಾರೆ. ಅದು 60 ಹರ್ಟ್ಜ್‌ಗೆ ಮಾಡಿದ್ದು, ನಮ್ಮ 50ಕ್ಕ 180ರ ಬದಲು 216 ಸೆಕೆಂಡ್ ತಗೋತದ, ದನಿ ಮೂರು ಮನಿ ಕೆಳಗ ಹೋಗ್ತದ. ಅದಕ್ಕ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹಾಕಿದ್ರ ಉಪಯೋಗಿಲ್ಲ, ಮೋಟಾರಿನ ಪುಲ್ಲಿನೇ (ಬೆಲ್ಟ್ ತಿರುಗಿಸೋ ಗಾಲಿ) ಬದಲಿಸಬೇಕು. ಇನ್ನ ಕರೆಂಟ್ ಹೋಗಿ ಇನ್ವರ್ಟರ್ ಮ್ಯಾಲ ಬಂದಾಗ ಸ್ಪೀಕರಿನಾಗ ಗುಂಯ್ ಅಂದ್ರ ಸೂಜಿ ಬೈಬ್ಯಾಡ್ರಿ, ಇನ್ವರ್ಟರ್ ಸೈನ್ ವೇವ್ ಹೌದೋ ಅಲ್ಲೋ ನೋಡ್ರಿ.

ಬೋರ್ ನೀರಿನಾಗ ರೆಕಾರ್ಡ್ ತೊಳೀಬ್ಯಾಡ್ರಿ. ಒಣಗಿದ ಮ್ಯಾಲ ಗೆರಿಯೊಳಗ ಉಪ್ಪು ಕೂತು ಪಟಪಟ ಅಂತದ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೋರಿ, ಮೆತ್ತನ ಬಟ್ಟಿ, ಗೆರಿ ಹೋದ ಕಡೀಗೇ ಒರಸ್ರಿ, ಲೇಬಲ್ ತೊಯ್ಯಬಾರದು. ಮೇ ತಿಂಗಳದಾಗ ಪತ್ರಾಸಿನ ಕೆಳಗ ಒಂದರ ಮ್ಯಾಲ ಒಂದು ಪೇರಿಸಿದ್ರ ಹಪ್ಪಳ ಆಗ್ತಾವ, ನಿಲ್ಲಿಸಿ ಇಡ್ರಿ.

ಬಿದ್ರಿ ಬೆಳ್ಳಿ (ಬೀದರ)

ಕಾಕಾ, 1992ರದ್ದು ನೆನಪಿಸಿದ್ದು ಭಾಳ ಚಲೋ ಆತು. ಇನ್ನೆರಡು ಹೆಸರು ಬಿಟ್ಟುಹೋಗಿದ್ವು. 'ಜ್ಯೋತಿ', 1983: ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೋಡಿ ಚಾರ್ಲಿ ಮರಿಯಾನೋನ ಸ್ಯಾಕ್ಸೊಫೋನು, ಕೊಳಲು. ಆರ್.ಎ. ರಮಾಮಣಿ ಅವರ ದನಿ, ಟಿ.ಎ.ಎಸ್. ಮಣಿ ಅವರ ಮೃದಂಗ. ಇಲ್ಲಿ ಸಾ ಹುಡುಕೋ ಕೆಲಸನೇ ಇಲ್ಲ, ಹಂಗಾಗಿ ಹೊರಗಿಂದ ಬಂದ ಮರಿಯಾನೋ ಹ್ಯಾಂಗ ಹೊಂದ್ಕೋತಾನ ಅನ್ನೋದಷ್ಟೇ ಕೇಳ್ಕೊಂತ ಕೂಡಬಹುದು. ಇನ್ನೊಂದು 'ಕಿನ್ಸ್‌ಮೆನ್', 2008: ರುದ್ರೇಶ್ ಮಹಾಂತಪ್ಪ, ಕದ್ರಿ ಗೋಪಾಲನಾಥ್. ಇಬ್ಬರದೂ ಆಲ್ಟೋ ಸ್ಯಾಕ್ಸೊಫೋನೇ. ಯಾರು ಯಾರು ಅಂತ ಗಮಕದಿಂದ ಗುರುತು ಹಿಡೀರಿ, ಸ್ವರದಿಂದ ಸ್ವರಕ್ಕ ಜಾರೋ ದಾರಿ ಗೋಪಾಲನಾಥರದು.

'ಶಕ್ತಿ' ತಂಡದ್ದು (ಜಾನ್ ಮೆಕ್‌ಲಾಫ್ಲಿನ್ ಗಿಟಾರು, ಜಾಕಿರ್ ಹುಸೇನ್ ತಬಲಾ) ಬೇಕಂತ ಬಿಟ್ಟೀನಿ. ಚಲೋನೇ ಅದ, ಆದ್ರ ಅದರಿಂದ ಸುರು ಮಾಡಿದ್ರ ಜಾಝ್ ಕಡೆ ಹೋಗಂಗಿಲ್ಲ, ನಮ್ಮ ಅಂಗಳದಾಗೇ ಸುತ್ತು ಹಾಕಿ ಬರ್ತೀರಿ.

ಕೋಟೆ ಬುಡ (ಯಾದಗಿರಿ)

ಶಕ್ತಿ ಬಗ್ಗೆ ಒಪ್ಪಲ್ಲ, ಜಗಳ ಇನ್ನೊಮ್ಮೆ ಮಾಡೋಣ.

ತೊಗರಿ ಕಣಜ (ಕಲಬುರಗಿ)

'ಆಲ್ ಬ್ಲೂಸ್' ಬಿಳಿ ಐದಕ್ಕ ಬರೊಬ್ಬರಿ ಕೂತದ. 100 ಸುತ್ತಿಗೆ 179 ಸೆಕೆಂಡ್. ಅಂದ್ರ ಮಶೀನು ಬಚಾವ್. ಮೊದಲ ಬದಿ ಹಚ್ಚುವಾಗ ಆ್ಯಪಿನ ತಂಬೂರಿನೇ ತುಸು ಏರಿಸಿ ಇಟ್ಟೆ, ಕಾಫಿ ಬಂತು ನೋಡ್ರಿ. ಐದನೇ ಆವರ್ತನಕ್ಕ ಸಾ ಏರೋದೂ ಸಿಕ್ತು.